ಪಾಠ ಮುಗಿದ ಮೇಲೆ ಕಸ ಎಲ್ಲಿಗೆ ಹೋಯ್ತು?

ಈ ತಿಂಗಳ ಪತ್ರಗಳನ್ನು ಓದುತ್ತಾ ಹೋದಂತೆ ಒಂದೇ ಮಾತು ಮತ್ತೆ ಮತ್ತೆ ಸಿಕ್ಕಿತು. ನಗರಸಭೆ, ಪುರಸಭೆ, ಪಂಚಾಯಿತಿಗಳು ಶಾಲೆಗಳಲ್ಲೂ ಬಡಾವಣೆಗಳಲ್ಲೂ ಪರಿಸರದ ಪಾಠ ಹೇಳುತ್ತಿವೆ. ಕಸ ಬೇರೆ ಮಾಡಿ, ಗೊಬ್ಬರ ಮಾಡಿ, ನೀರು ಉಳಿಸಿ ಅಂತ. ಇದರಿಂದ ನಿಜಕ್ಕೂ ಏನಾದರೂ ಬದಲಾಗುತ್ತದಾ ಅಂತ ನೀವು ಕೇಳಿದ್ದೀರಿ. ಇಂಥ ಕಾರ್ಯಕ್ರಮಗಳಲ್ಲಿ ನಾನೂ ಹಲವು ವರ್ಷ ಓಡಾಡಿದ್ದೇನೆ, ಮಕ್ಕಳ ಜೊತೆ ಕಸದ ರಾಶಿ ಮುಂದೆ ಕೂತಿದ್ದೇನೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ವರ್ಷಕ್ಕೊಮ್ಮೆ ಸ್ಥಳೀಯ ಸಂಸ್ಥೆಯಿಂದ ಇಬ್ಬರು ಬರುತ್ತಾರೆ. ಒಂದು ಗಂಟೆ ಭಾಷಣ, ಆಮೇಲೆ ಚಿತ್ರ ಬಿಡಿಸುವ ಸ್ಪರ್ಧೆ, ಕೊನೆಗೆ ಎಲ್ಲರೂ ಕೈ ಮುಂದೆ ಚಾಚಿ ಪ್ರತಿಜ್ಞೆ. ಮರುದಿನ ಎಲ್ಲ ಮೊದಲಿನ ಹಾಗೇ. ಇದರಿಂದ ಪ್ರಯೋಜನ ಇದೆಯಾ?

ಉ: ಅಷ್ಟಕ್ಕೇ ನಿಂತರೆ ತುಂಬಾ ಕಡಿಮೆ, ಮೇಡಂ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಬಂದವರು ಕೆಟ್ಟವರಲ್ಲ, ಅವರಿಗೆ ಕೊಟ್ಟ ಕೆಲಸವೇ ಅಷ್ಟು: ಒಂದು ಗಂಟೆ, ಒಂದು ಫೋಟೋ, ಒಂದು ವರದಿ.

1977ರಲ್ಲಿ ಜಾರ್ಜಿಯಾದ ಟಿಬಿಲಿಸಿಯಲ್ಲಿ ಯುನೆಸ್ಕೋ ಒಂದು ದೊಡ್ಡ ಸಮ್ಮೇಳನ ನಡೆಸಿತ್ತು. ಪರಿಸರ ಶಿಕ್ಷಣ ಅಂದರೆ ಏನು ಅಂತ ದೇಶಗಳೆಲ್ಲ ಕೂತು ಮಾತಾಡಿದ್ದು ಅಲ್ಲಿ. ಅವರು ಐದು ಗುರಿ ಹೇಳಿದರು. ಅರಿವು, ತಿಳಿವಳಿಕೆ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ. ಭಾಷಣ, ಚಿತ್ರ, ಪ್ರತಿಜ್ಞೆ ಮೂರೂ ಸೇರಿ ಮೊದಲನೆಯದನ್ನು ಮುಟ್ಟುತ್ತವೆ, ಹೆಚ್ಚೆಂದರೆ ಎರಡನೆಯದರ ಅಂಚಿಗೆ ಬರುತ್ತವೆ. ಕೈಗೆ ಕೆಲಸ ಬರುವುದು ನಾಲ್ಕನೆಯದರಲ್ಲಿ. ಅಲ್ಲಿಗೆ ಹೋಗುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ!

ನಾವು ಒಂದು ಶಾಲೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ, ನೀವೂ ಮಾಡಬಹುದು. ಒಂದು ದಿನದ ಕಸವನ್ನೆಲ್ಲ ಮೈದಾನದಲ್ಲಿ ಟಾರ್ಪಾಲಿನ ಮೇಲೆ ಸುರಿದೆವು. ಮಕ್ಕಳ ಕೈಗೆ ಗ್ಲೌಸು, ಉದ್ದದ ಇಕ್ಕಳ. ಮೊದಲ ಐದು ನಿಮಿಷ ಬರೀ ಮೂಗು ಮುಚ್ಚಿಕೊಂಡು ಕಿರುಚಾಟ. ಆಮೇಲೆ ಒಬ್ಬ ಹುಡುಗಿ ರಾಶಿಯಿಂದ ಒಂದು ನೋಟ್‌ಬುಕ್ ಎಳೆದಳು. ಮೊದಲ ಹತ್ತು ಹಾಳೆ ಬರೆದದ್ದು, ಉಳಿದದ್ದೆಲ್ಲ ಖಾಲಿ. ಹೆಸರು ನೋಡಿದರೆ ಅವಳ ಪಕ್ಕದಲ್ಲೇ ನಿಂತಿದ್ದ ಹುಡುಗನದು. ಅವನು ಏನೂ ಮಾತಾಡಲಿಲ್ಲ, ಅದನ್ನು ತಗೊಂಡು ಒರೆಸಿ ಚೀಲಕ್ಕೆ ಹಾಕಿಕೊಂಡ. ನಾನು ಒಂದು ಗಂಟೆ ಮಾತಾಡಿದ್ದರೂ ಆ ಕೆಲಸ ಆಗುತ್ತಿರಲಿಲ್ಲ. ಆಮೇಲೆ ಕಾಗದ, ಪ್ಲಾಸ್ಟಿಕ್, ಊಟದಲ್ಲಿ ಉಳಿದದ್ದು ಅಂತ ಮೂರು ಬಕೆಟ್ ಮಾಡಿ, ತೂಗುವ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ, ತೂಕವನ್ನು ಮಕ್ಕಳೇ ಬೋರ್ಡಿನ ಮೇಲೆ ಬರೆದರು. ಅಳಿಸಬೇಡಿ ಅಂತ ಹೇಳಿ ಬಂದೆವು. ಒಂದು ತಿಂಗಳ ನಂತರ ಮತ್ತೆ ತೂಗಿದೆವು. ಹಳೆ ಅಂಕಿಯ ಪಕ್ಕದಲ್ಲಿ ಹೊಸ ಅಂಕಿ ಬರೆಯುವಾಗ ಮಕ್ಕಳ ಮುಖ ನೋಡಬೇಕಿತ್ತು.

ಇದನ್ನೇ ವ್ಯವಸ್ಥಿತವಾಗಿ ಮಾಡುವ ದಾರಿ ಈಗಾಗಲೇ ಇದೆ. 1994ರಲ್ಲಿ ಯುರೋಪಿನ ಕೆಲವು ದೇಶಗಳಲ್ಲಿ ಶುರುವಾದ ಇಕೋ-ಸ್ಕೂಲ್ಸ್ ಅನ್ನುವ ಕಾರ್ಯಕ್ರಮದಲ್ಲಿ ಏಳು ಹೆಜ್ಜೆಗಳಿವೆ. ನನಗೆ ಮುಖ್ಯ ಅನಿಸುವುದು ಅದರಲ್ಲಿ ಮೊದಲ ಎರಡು. ಮಕ್ಕಳೇ ಇರುವ ಒಂದು ಸಮಿತಿ ಮಾಡಿ, ಆಮೇಲೆ ಶಾಲೆಯ ಈಗಿನ ಸ್ಥಿತಿಯನ್ನು ಅವರಿಂದಲೇ ಅಳೆಯಿಸಿ. ಅಳತೆ ಆದ ಮೇಲೆ ಯೋಜನೆ. ನಮ್ಮಲ್ಲಿ ಹೆಚ್ಚಾಗಿ ಘೋಷವಾಕ್ಯ ಮೊದಲು ಬರುತ್ತದೆ, ಆ ಏಳರಲ್ಲಿ ಅದು ಕೊನೆಯ ಹೆಜ್ಜೆ ಅಂತ ಎಣಿಸುತ್ತಾರೆ.

ಮುಂದಿನ ಸಲ ಅವರು ಫೋನ್ ಮಾಡಿದಾಗ ಭಾಷಣ ಬೇಡ ಅನ್ನಬೇಡಿ. ತಕ್ಕಡಿ ತನ್ನಿ, ಒಂದು ತಿಂಗಳು ಬಿಟ್ಟು ಇನ್ನೊಂದು ಸಲ ಬನ್ನಿ ಅಂತ ಹೇಳಿ. ಎರಡನೇ ಭೇಟಿ ಇಲ್ಲದ ಕಾರ್ಯಕ್ರಮಕ್ಕೆ ನಾನಂತೂ ಒಪ್ಪುವುದಿಲ್ಲ.

ಪ್ರ: ನನ್ನ ಮಗಳು ಶಾಲೆಯಲ್ಲಿ ಕಲಿತು ಬಂದು ಮನೆಯಲ್ಲಿ ಎಲ್ಲರಿಗೂ ಜೋರು ಮಾಡುತ್ತಾಳೆ. ಅಜ್ಜಿ ನಲ್ಲಿ ಬಿಟ್ಟರೆ ಬೈಯುತ್ತಾಳೆ, ಅವಳಪ್ಪ ಲೈಟ್ ಆರಿಸದಿದ್ದರೆ ಕೂಗುತ್ತಾಳೆ. ಮಕ್ಕಳ ಮೂಲಕ ದೊಡ್ಡವರನ್ನು ತಿದ್ದುವುದು ಸರಿಯಾ?

ಉ: ಮಕ್ಕಳ ಮಾತು ಮನೆಯೊಳಗೆ ನಾಟುತ್ತದೆ ಅನ್ನುವುದು ನಿಜ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಒಂದು ಅಧ್ಯಯನ ಮಾಡಿದ್ದರು, 2019ರಲ್ಲಿ ಪ್ರಕಟವಾಯಿತು. ಶಾಲೆಯಲ್ಲಿ ಹವಾಮಾನ ಬದಲಾವಣೆಯ ಪಾಠ ಕಲಿತ ಮಕ್ಕಳ ತಂದೆತಾಯಿಯರಲ್ಲೂ ಆ ವಿಷಯದ ಕಾಳಜಿ ಹೆಚ್ಚಿತ್ತು. ಅಪ್ಪಂದಿರಲ್ಲಿ ಜಾಸ್ತಿ. ಹೆಣ್ಣುಮಕ್ಕಳು ಹೇಳಿದಾಗ ಇನ್ನೂ ಜಾಸ್ತಿ. ಅಂದರೆ ನಿಮ್ಮ ಮನೆಯ ಪುಟ್ಟಿಗೆ ಶಕ್ತಿ ಇದೆ!

ಆದರೆ ಆ ಅಧ್ಯಯನದಲ್ಲಿ ಮಕ್ಕಳು ಬೈದಿರಲಿಲ್ಲ. ದೊಡ್ಡವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದ್ದರು, ಸಂದರ್ಶನದ ಹಾಗೆ. ಅದನ್ನೇ ಮಗಳಿಗೆ ಹೇಳಿಕೊಡಿ. ಅಜ್ಜಿ, ನೀವು ಚಿಕ್ಕವರಿದ್ದಾಗ ಮನೆಗೆ ನೀರು ಎಲ್ಲಿಂದ ಬರುತ್ತಿತ್ತು, ಯಾರು ಹೊರುತ್ತಿದ್ದರು, ದಿನಕ್ಕೆ ಎಷ್ಟು ಕೊಡ ಅಂತ ಕೇಳಲಿ. ಆ ಮಾತು ಮುಗಿಯುವಷ್ಟರಲ್ಲಿ ಯಾರು ಯಾರಿಗೆ ಪಾಠ ಹೇಳಬೇಕಿತ್ತು ಅಂತ ಅವಳಿಗೇ ಗೊತ್ತಾಗುತ್ತದೆ. ಹಳೆ ಬಟ್ಟೆಗೆ ತೇಪೆ ಹಾಕಿ, ಡಬ್ಬ ತೊಳೆದಿಟ್ಟು, ಒಂದು ವಸ್ತುವನ್ನು ಹತ್ತು ಸಲ ಬಳಸಿ ಬದುಕಿದವರು ಅವರು.

ಇನ್ನೊಂದು ಮಾತು, ಇದು ಕಾರ್ಯಕ್ರಮ ನಡೆಸುವವರಿಗೂ ಸೇರಿಸಿ. ಎಂಟು ವರ್ಷದ ಮಗುವಿನ ತಲೆ ಮೇಲೆ ಭೂಮಿಯನ್ನು ಉಳಿಸುವ ಹೊರೆ ಇಡಬೇಡಿ. ಸಣ್ಣ ಮಕ್ಕಳಿಗೆ ಹೆದರಿಸುವ ಚಿತ್ರ ತೋರಿಸಿ ಕಳಿಸಿದರೆ ರಾತ್ರಿ ನಿದ್ದೆ ಕೆಡುತ್ತದೆ ಅಷ್ಟೇ. ಒಂದು ಗಿಡ, ಒಂದು ನಲ್ಲಿ, ಒಂದು ಡಬ್ಬ ಅವರ ಜವಾಬ್ದಾರಿ. ಉಳಿದದ್ದು ನಮ್ಮದು.

ಪ್ರ: ನಗರಸಭೆಯವರ ಶಿಬಿರಕ್ಕೆ ಹೋಗಿ ಗೊಬ್ಬರದ ಡಬ್ಬ ತಂದೆ. ಮೂರನೇ ವಾರಕ್ಕೆ ಕೆಟ್ಟ ವಾಸನೆ, ಹುಳು. ಮನೆಯವರೆಲ್ಲ ಬೈದು ಎಸೆಯಿರಿ ಅಂದರು. ಈಗ ಡಬ್ಬ ಖಾಲಿ ಬಿದ್ದಿದೆ. ಎಲ್ಲಿ ತಪ್ಪಿದೆ?

ಉ: ನೀವು ತಪ್ಪಿದ್ದು ಸ್ವಲ್ಪ, ಶಿಬಿರದವರು ತಪ್ಪಿದ್ದು ಜಾಸ್ತಿ. ಮೂರನೇ ವಾರದಲ್ಲಿ ವಾಸನೆ ಬರುತ್ತದೆ, ಆಗ ಹೀಗೆ ಮಾಡಿ ಅಂತ ಅವರು ಹೇಳಿಕಳಿಸಬೇಕಿತ್ತು. ಡಬ್ಬ ಕೊಟ್ಟವರು ಆ ವಾರದಲ್ಲಿ ಒಂದು ಫೋನ್ ಮಾಡಿದ್ದರೂ ಸಾಕಿತ್ತು.

ಮೊದಲು ವಾಸನೆ ಯಾವುದು ಅಂತ ನೆನಪು ಮಾಡಿಕೊಳ್ಳಿ. ಕೊಳೆತ ಮೊಟ್ಟೆಯ ವಾಸನೆಯಾದರೆ ಒಳಗೆ ಗಾಳಿ ಆಡುತ್ತಿಲ್ಲ, ನೀರು ಜಾಸ್ತಿಯಾಗಿದೆ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆಯಾದರೆ ಹಸಿ ಪದಾರ್ಥ ಜಾಸ್ತಿ, ಒಣ ಪದಾರ್ಥ ಕಡಿಮೆ. ಎರಡಕ್ಕೂ ಮದ್ದು ಹೆಚ್ಚುಕಡಿಮೆ ಒಂದೇ: ಒಣಗಿದ ಎಲೆ, ಮರದ ಹೊಟ್ಟು, ಹರಿದ ರಟ್ಟು. ಹಸಿ ಕಸ ಹಾಕಿದಾಗಲೆಲ್ಲ ಅದರ ಮೇಲೆ ಒಂದು ಪದರ ಒಣದ್ದು ಬೀಳಲೇಬೇಕು, ಸಿಪ್ಪೆ ಕಣ್ಣಿಗೆ ಕಾಣಬಾರದು. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಭಾಗ ಸಾರಜನಕಕ್ಕೆ 25ರಿಂದ 30 ಭಾಗ ಇಂಗಾಲ ಬೇಕು. ಹಸಿ ಸಿಪ್ಪೆಯಲ್ಲಿ ಅಷ್ಟು ಇಂಗಾಲ ಇರುವುದಿಲ್ಲ, ಅದಕ್ಕೇ ಒಣ ಎಲೆ. ಸುಮ್ನೆ ಮುಚ್ಚುವುದಕ್ಕೆ ಅಂದುಕೊಂಡು ಜನ ಅದನ್ನು ಕಡಿಮೆ ಮಾಡುತ್ತಾರೆ, ಅಲ್ಲೇ ಕೆಡುವುದು.

ಈಗ ಕೈ ಪರೀಕ್ಷೆ. ಡಬ್ಬದೊಳಗಿಂದ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ ಇದೆ. ನೀರು ಸುರಿದರೆ ಒಣದ್ದು ಸೇರಿಸಿ. ಕೈ ಬಿಟ್ಟ ಕೂಡಲೇ ಪುಡಿಪುಡಿಯಾದರೆ ಸ್ವಲ್ಪ ನೀರು ಚಿಮುಕಿಸಿ. ಎರಡು ಮೂರು ದಿನಕ್ಕೊಮ್ಮೆ ಕೋಲು ಹಾಕಿ ಕೆಳಗಿಂದ ಮೇಲೆ ತಿರುವಿ. ಆಗ ಒಳಗೆ ಕೈ ಇಟ್ಟರೆ ಬೆಚ್ಚಗಿರಬೇಕು. ಆ ಬಿಸಿಯೇ ಕೆಲಸ ನಡೀತಿದೆ ಅನ್ನುವುದರ ಗುರುತು. ದೊಡ್ಡ ರಾಶಿಗಳಲ್ಲಿ ಅದು 55 ಡಿಗ್ರಿ ದಾಟುತ್ತದೆ.

ಹುಳು ಕಂಡರೆ ಗಾಬರಿ ಬೇಡ. ದಪ್ಪಗೆ, ಕಂದು ಬಣ್ಣಕ್ಕೆ, ಗೆರೆ ಗೆರೆಯಾಗಿದ್ದರೆ ಅದು ಬ್ಲ್ಯಾಕ್ ಸೋಲ್ಜರ್ ಅನ್ನುವ ನೊಣದ ಮರಿ. ಕಚ್ಚುವುದಿಲ್ಲ, ನಿಮ್ಮ ಕಸವನ್ನು ನಿಮಗಿಂತ ಬೇಗ ಕರಗಿಸುತ್ತದೆ. ನೋಡಲು ಹಿಂಸೆಯಾದರೆ ಒಣ ಪದರ ದಪ್ಪ ಮಾಡಿ, ಕಡಿಮೆಯಾಗುತ್ತವೆ.

ಇಷ್ಟೆಲ್ಲ ಕಷ್ಟ ಯಾಕೆ ಅಂತ ಮನೆಯವರು ಕೇಳಿದರೆ ಇದನ್ನು ಹೇಳಿ. ಇದೇ ಸಿಪ್ಪೆ ದೊಡ್ಡ ಕಸದ ಗುಡ್ಡದ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ದಯವಿಟ್ಟು ಡಬ್ಬ ಮತ್ತೆ ತುಂಬಿಸಿ. ಮೊದಲು ತಳಕ್ಕೆ ಒಂದು ಗೇಣು ಒಣ ಎಲೆ.

ಪ್ರ: ನಾವು ಮನೆಯಲ್ಲಿ ಹಸಿ, ಒಣ ಅಂತ ಬೇರೆ ಬೇರೆ ಇಡುತ್ತೇವೆ. ಗಾಡಿ ಬಂದಾಗ ಎರಡನ್ನೂ ಒಂದಕ್ಕೇ ಸುರಿಯುತ್ತಾರೆ. ಹಾಗಿದ್ದ ಮೇಲೆ ಈ ತರಬೇತಿ, ಕರಪತ್ರ ಎಲ್ಲ ಯಾಕೆ?

ಉ: ನಿಮ್ಮ ಸಿಟ್ಟು ನ್ಯಾಯವಾದದ್ದು. ಇಡೀ ಕಂತೆಯಲ್ಲಿ ಇದು ನನಗೆ ಬಹಳ ಮುಖ್ಯ ಅನಿಸಿದ ಪತ್ರ.

ನನಗೂ ಆಗಿದೆ. ಒಂದು ಶಾಲೆಯಲ್ಲಿ ವಾರಪೂರ್ತಿ ಮಕ್ಕಳಿಗೆ ವಿಂಗಡಣೆ ಕಲಿಸಿದ್ದೆವು. ಎರಡು ಬಣ್ಣದ ಡಬ್ಬ, ಮಕ್ಕಳೇ ಬರೆದ ಚೀಟಿ, ತರಗತಿಗೊಬ್ಬ ಮೇಲ್ವಿಚಾರಕ. ಶುಕ್ರವಾರ ಗಾಡಿ ಬಂತು. ಮಕ್ಕಳು ಕಾಂಪೌಂಡ್ ಹತ್ತಿರ ಸಾಲಾಗಿ ನಿಂತು ನೋಡುತ್ತಿದ್ದರು. ಎರಡೂ ಡಬ್ಬ ಒಂದರ ಹಿಂದೆ ಒಂದು ಅದೇ ತೊಟ್ಟಿಗೆ ಬಿದ್ದವು. ಒಬ್ಬ ಹುಡುಗ ತಿರುಗಿ ನನ್ನ ಮುಖ ನೋಡಿದ. ಏನೂ ಕೇಳಲಿಲ್ಲ. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ. ಗಾಡಿಯವರದ್ದೇನೂ ತಪ್ಪಿರಲಿಲ್ಲ, ಅವರ ಗಾಡಿಯಲ್ಲಿ ಎರಡನೇ ಖಾನೆಯೇ ಇರಲಿಲ್ಲ. ಪಾಠ ಹೇಳಿಸಿದ ಕಚೇರಿಯೂ ಗಾಡಿ ಕಳಿಸಿದ ಕಚೇರಿಯೂ ಒಂದೇ ಕಟ್ಟಡದಲ್ಲಿದ್ದವು. ಇವರು ಅವರಿಗೆ ಒಂದು ಮಾತು ಹೇಳಿರಲಿಲ್ಲ.

1992ರಲ್ಲಿ ರಿಯೊ ಡಿ ಜನೈರೊದಲ್ಲಿ ನಡೆದ ಭೂ ಶೃಂಗಸಭೆಯಲ್ಲಿ ಅಜೆಂಡಾ 21 ಅನ್ನುವ ದಾಖಲೆಯನ್ನು ದೇಶಗಳು ಒಪ್ಪಿಕೊಂಡವು. ಅದರ 28ನೇ ಅಧ್ಯಾಯ ಪೂರ್ತಿ ಸ್ಥಳೀಯ ಸಂಸ್ಥೆಗಳ ಬಗ್ಗೆ. ಜನರಿಗೆ ಅತಿ ಹತ್ತಿರದ ಆಡಳಿತ ಇವೇ ಆದ್ದರಿಂದ ಇವಕ್ಕೆ ಮೂರು ಕೆಲಸ ಅಂತ ಅಲ್ಲಿ ಹೇಳಿದೆ: ಜನರಿಗೆ ಕಲಿಸುವುದು, ಜನರನ್ನು ಒಗ್ಗೂಡಿಸುವುದು, ಜನರಿಗೆ ಸ್ಪಂದಿಸುವುದು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಅದು ಸುಲಭ. ಎರಡನೆಯದನ್ನು ಕೆಲವರು ಮಾಡುತ್ತಾರೆ. ಮೂರನೆಯದು ಬಂದಾಗ ಗಾಡಿ ಬದಲಿಸಬೇಕು, ಟೆಂಡರ್ ಬದಲಿಸಬೇಕು, ಪೌರಕಾರ್ಮಿಕರಿಗೆ ಸರಿಯಾದ ಸಲಕರಣೆ ಕೊಡಬೇಕು. ಅಲ್ಲಿ ನಿಂತುಹೋಗುತ್ತದೆ. ನನ್ನ ಅನುಭವದಲ್ಲಿ ಜನ ಕಲಿಯಲಿಲ್ಲ ಅನ್ನುವ ಕಡೆಗಳಲ್ಲೆಲ್ಲ ಹೋಗಿ ನೋಡಿದರೆ ಕಲಿತವರಿಗೆ ಉತ್ತರ ಕೊಡುವವರು ಇರಲಿಲ್ಲ.

ಸರಿಯಾಗಿ ಮಾಡಿದ ಊರುಗಳೂ ಇವೆ. ಇಟಲಿಯ ಕಪನ್ನೊರಿ ಅಂತಹದ್ದು. ಅಲ್ಲಿ ಕಸ ಸುಡುವ ಘಟಕ ಬರುವುದಿತ್ತು. ಅದನ್ನು ತಡೆಯಲು ಜನರನ್ನು ಸೇರಿಸಿದವರು ರೊಸ್ಸಾನೊ ಎರ್ಕೊಲಿನಿ, ಪ್ರಾಥಮಿಕ ಶಾಲೆಯ ಮೇಷ್ಟ್ರು. ಸುಡುವುದು ಬೇಡ ಅಂದರೆ ಮತ್ತೇನು ಮಾಡುತ್ತೀರಿ ಅನ್ನುವ ಪ್ರಶ್ನೆಗೂ ಅವರೇ ಉತ್ತರ ಹುಡುಕಿದರು. 2007ರಲ್ಲಿ ಕಪನ್ನೊರಿ ಶೂನ್ಯ ಕಸದ ಗುರಿ ಇಟ್ಟುಕೊಂಡಿತು, ಯುರೋಪಿನಲ್ಲಿ ಅದೇ ಮೊದಲು. ಮನೆಮನೆಯಿಂದ ಬೇರೆ ಬೇರೆ ಸಂಗ್ರಹ, ಶುರು ಮಾಡುವ ಮೊದಲು ಜನರ ಜೊತೆ ಸಭೆ. ನನಗೆ ತುಂಬಾ ಹಿಡಿಸಿದ್ದು ಆಮೇಲಿನದು. ಎಲ್ಲ ವಿಂಗಡಿಸಿದ ಮೇಲೂ ಉಳಿಯುವ ಕಸದ ಚೀಲಗಳನ್ನು ಬಿಚ್ಚಿ ಒಳಗೇನಿದೆ ಅಂತ ನೋಡಿದರು. ಕಾಫಿ ಯಂತ್ರಕ್ಕೆ ಹಾಕುವ ಒಂದೇ ಸಲದ ಪುಟ್ಟ ಡಬ್ಬಿಗಳು ಬಹಳ ಸಿಕ್ಕವು. ಜನರಿಗೆ ಇನ್ನೊಂದು ಪಾಠ ಹೇಳುವ ಬದಲು ಅದನ್ನು ತಯಾರಿಸುವ ಕಂಪನಿಗಳಿಗೆ ಪತ್ರ ಬರೆದರು. ಎರ್ಕೊಲಿನಿಗೆ 2013ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ನೀವು ಮಾಡಬಹುದಾದದ್ದು: ಬೇರೆ ಮಾಡುವುದನ್ನು ನಿಲ್ಲಿಸಬೇಡಿ, ಆದರೆ ಸುಮ್ಮನೂ ಇರಬೇಡಿ. ನಿಮ್ಮ ಬೀದಿಯ ಹತ್ತು ಮನೆಯವರು ಸೇರಿ, ಬೇರೆ ಮಾಡಿದ ಹಸಿ ಕಸ ಇವತ್ತು ಎಲ್ಲಿಗೆ ಹೋಯಿತು, ಒಣ ಕಸ ಎಲ್ಲಿಗೆ ಹೋಯಿತು ಅಂತ ಬರವಣಿಗೆಯಲ್ಲಿ ಕೇಳಿ. ಮುಂದಿನ ತರಬೇತಿಯಲ್ಲಿ ಮೈಕ್ ಸಿಕ್ಕಾಗಲೂ ಅದನ್ನೇ ಕೇಳಿ. ಗಾಡಿಯವರ ಜೊತೆ ಜಗಳ ಬೇಡ. ಅವರನ್ನೂ ತರಬೇತಿಗೆ ಕರೆಯಿರಿ, ಕೇಳಲು ಅಲ್ಲ, ಹೇಳಲು. ಯಾವ ಮನೆ ಏನು ಹೇಗೆ ಕೊಡುತ್ತದೆ ಅಂತ ಅವರಷ್ಟು ಗೊತ್ತಿರುವವರು ಇನ್ಯಾರೂ ಇಲ್ಲ.

ಪ್ರ: ಮಗನಿಗೆ ಮನೆಕೆಲಸವಾಗಿ ಸೋರುವ ನಲ್ಲಿಯ ಹನಿ ಎಣಿಸಲು ಹೇಳಿದ್ದಾರೆ. ಇದು ಕಾಲಹರಣ ಅಲ್ವಾ?

ಉ: ಖಂಡಿತ ಅಲ್ಲ. ಸೆಕೆಂಡಿಗೆ ಒಂದು ಹನಿ ಅಂದರೆ ದಿನಕ್ಕೆ 86,400 ಹನಿ. ನಾಲ್ಕು ಹನಿಗೆ ಒಂದು ಮಿಲಿಲೀಟರ್ ಅಂತ ಹಿಡಿದರೆ ಇಪ್ಪತ್ತೊಂದೂವರೆ ಲೀಟರಿಗಿಂತ ಹೆಚ್ಚು. ಅವನೇ ಗುಣಿಸಲಿ, ಆಮೇಲೆ ನಲ್ಲಿ ಕೆಳಗೆ ಬಕೆಟ್ ಇಟ್ಟು ಮರುದಿನ ಅಳೆದು ನೋಡಲಿ. ಎರಡೂ ಲೆಕ್ಕ ಹೊಂದದಿದ್ದರೆ ಯಾಕೆ ಅಂತ ಯೋಚಿಸಲಿ. ಆದರೆ ಕೆಲಸ ಅಲ್ಲಿಗೆ ಮುಗಿಯಬಾರದು. ಭಾನುವಾರ ನೀವಿಬ್ಬರೂ ಸೇರಿ ವಾಷರ್ ಬದಲಿಸಿ. ಫ್ಲಶ್ ಟ್ಯಾಂಕಿಗೂ ಒಂದು ಪರೀಕ್ಷೆ ಇದೆ: ಟ್ಯಾಂಕಿನ ನೀರಿಗೆ ಬಣ್ಣದ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಕೆಳಗೆ ಕಮೋಡಿನಲ್ಲಿ ಬಣ್ಣ ಕಂಡರೆ ಸದ್ದಿಲ್ಲದೆ ಸೋರುತ್ತಿದೆ.

ಪ್ರ: ನಾನು ಹೊಸದಾಗಿ ಆಯ್ಕೆಯಾದ ವಾರ್ಡ್ ಸದಸ್ಯೆ. ಹಣ ಕಡಿಮೆ. ಜನರಿಗೆ ಕಲಿಸುವ ಕೆಲಸವನ್ನು ಎಲ್ಲಿಂದ ಶುರು ಮಾಡಲಿ?

ಉ: ನೀವು ಕೇಳಿದ್ದೇ ಸಂತೋಷ. ಮೊದಲ ಸಲಹೆ, ಒಂದು ವರ್ಷಕ್ಕೆ ಒಂದೇ ವಿಷಯ ಹಿಡಿಯಿರಿ. ಕಸ, ನೀರು, ವಿದ್ಯುತ್, ಸಾರಿಗೆ ಎಲ್ಲ ಒಂದೇ ಕರಪತ್ರದಲ್ಲಿ ತುಂಬಿದರೆ ಜನ ಅದನ್ನು ಮಡಚಿ ಇಡುತ್ತಾರೆ.

ಹಣ ಕಡಿಮೆ ಇದ್ದಾಗ ಏನು ಮಾಡಬಹುದು ಅನ್ನುವುದಕ್ಕೆ ಬ್ರೆಜಿಲಿನ ಕುರಿಟಿಬ ಒಳ್ಳೆ ಉದಾಹರಣೆ. ಜೈಮಿ ಲರ್ನರ್ ಮೇಯರ್ ಆಗಿದ್ದಾಗ, 1989ರಲ್ಲಿ, ಕಸವಲ್ಲದ ಕಸ ಅನ್ನುವ ಅರ್ಥದ ಹೆಸರಿಟ್ಟು ವಿಂಗಡಣೆ ಶುರು ಮಾಡಿದರು. ಮೊದಲು ಶಾಲೆಗಳಿಗೆ ಹೋದರು, ಮಕ್ಕಳ ಮೂಲಕ ಮನೆಗೆ ಮುಟ್ಟಿದರು. ಗಾಡಿ ಹೋಗಲಾರದ ಇಕ್ಕಟ್ಟಾದ ಬಡ ಬಸ್ತಿಗಳಿಗೆ ಬೇರೆ ದಾರಿ ಹುಡುಕಿದರು. 1991ರಿಂದ ನಡೆದ ಯೋಜನೆಯಲ್ಲಿ ನಾಲ್ಕು ಕಿಲೋ ಮರುಬಳಕೆಯ ಕಸ ತಂದವರಿಗೆ ಒಂದು ಕಿಲೋ ಹಣ್ಣು ತರಕಾರಿ ಕೊಟ್ಟರು. ಆ ತರಕಾರಿ ಸುತ್ತಲಿನ ಸಣ್ಣ ರೈತರದು. ಕಸ ಹೊರಬಂತು, ಮನೆಗೆ ತರಕಾರಿ ಬಂತು, ರೈತರ ಮಾಲು ಹೋಯಿತು. ಬೀದಿಗೆ ಹೋಗಿ ನಿಂತು ನೋಡಿದವರಿಗೇ ಇಂಥದ್ದು ಹೊಳೆಯುವುದು.

ಇನ್ನೊಂದು ಕಡೆ ಜಪಾನಿನ ಕಮಿಕತ್ಸು. 1,500ಕ್ಕಿಂತ ಕಡಿಮೆ ಜನರ ಪುಟ್ಟ ಊರು, 2003ರಲ್ಲಿ ಶೂನ್ಯ ಕಸ ಅಂತ ಘೋಷಣೆ ಮಾಡಿತು. ಅಲ್ಲಿ ಜನ 40ಕ್ಕೂ ಹೆಚ್ಚು ಬಗೆಯಾಗಿ ಕಸ ಬೇರೆ ಮಾಡಿ ತಾವೇ ಕೇಂದ್ರಕ್ಕೆ ಒಯ್ಯುತ್ತಾರೆ, ಕಸದಲ್ಲಿ ಸುಮಾರು 80 ಶೇಕಡಾ ಮರುಬಳಕೆಗೆ ಹೋಗುತ್ತದೆ. ಇದನ್ನು ನೋಡಿ ನೀವೂ 40 ಡಬ್ಬ ಇಡಲು ಹೊರಡಬೇಡಿ! ಅಲ್ಲಿಂದ ತರಬೇಕಾದದ್ದು ಒಂದು ಸಣ್ಣ ವಿಷಯ. ಪ್ರತಿ ಡಬ್ಬದ ಮೇಲೂ ಇದು ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಅಂತ ಬರೆದಿರುತ್ತಾರೆ. ನಿಮ್ಮ ವಾರ್ಡಿನಲ್ಲಿ ಎರಡೇ ಡಬ್ಬ ಇರಲಿ, ಆ ಎರಡರ ಮೇಲೂ ಇದನ್ನು ಬರೆಸಿ. ಬರೆಯುವ ಮೊದಲು ಅದು ನಿಜವಾಗಿ ಅಲ್ಲಿಗೆ ಹೋಗುತ್ತದಾ ಅಂತ ಗಾಡಿಯ ಹಿಂದೆ ಒಂದು ದಿನ ನೀವೇ ಹೋಗಿ ನೋಡಿ ಬನ್ನಿ.

ಪ್ರ: ಮರುಬಳಕೆಗೆ ಕೊಟ್ಟರೆ ನಮ್ಮ ಕರ್ತವ್ಯ ಮುಗೀತಾ?

ಉ: ಇಲ್ಲ. ಮೊದಲು ಬೇಡದ್ದನ್ನು ತರದೇ ಇರುವುದು, ಆಮೇಲೆ ಇದ್ದದ್ದನ್ನೇ ರಿಪೇರಿ ಮಾಡಿಸಿ ಬಳಸುವುದು, ಅದಾದ ಮೇಲೆ ಮರುಬಳಕೆ. ಹೆಚ್ಚಿನ ಕಾರ್ಯಕ್ರಮಗಳು ಮೂರನೆಯದರಿಂದ ಶುರುವಾಗುತ್ತವೆ, ಅದನ್ನು ನಾನೂ ಮಾಡಿದ್ದೇನೆ. ಈಗ ರಿಪೇರಿ ಮಾಡುವವರನ್ನು ಶಾಲೆಗೆ ಕರೆಸಿ ಮಕ್ಕಳ ಎದುರಲ್ಲೇ ಒಂದು ಫ್ಯಾನ್ ಬಿಚ್ಚಿಸುತ್ತೇವೆ. ಆ ದಿನ ಯಾವ ಮಗುವೂ ಕಿಟಕಿ ಹೊರಗೆ ನೋಡುವುದಿಲ್ಲ.

ಪ್ರ: ನಾನು ಕಾಲೇಜು ವಿದ್ಯಾರ್ಥಿ. ನಗರಸಭೆಯ ಕಾರ್ಯಕ್ರಮಕ್ಕೆ ಸ್ವಯಂಸೇವಕನಾಗಿ ಮನೆಮನೆಗೆ ಹೋಗಬೇಕು. ಬಾಗಿಲು ತೆಗೆದ ಕೂಡಲೇ ಮೊದಲು ಏನು ಹೇಳಲಿ, ಸಾರ್?

ಉ: ಹೇಳಬೇಡಿ, ಕೇಳಿ. ಕಸ ಬೇರೆ ಮಾಡಲು ನಿಮಗೆ ಯಾವುದು ಕಷ್ಟ ಆಗ್ತಿದೆ ಅಂತ ಕೇಳಿ, ಅವರ ಎದುರಿಗೇ ಬರೆದುಕೊಳ್ಳಿ. ಜಾಗ ಇಲ್ಲ ಅನ್ನಬಹುದು, ಗಾಡಿ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ ಅನ್ನಬಹುದು, ಡೈಪರ್ ಯಾವ ಡಬ್ಬಕ್ಕೆ ಅಂತ ಗೊತ್ತಿಲ್ಲ ಅನ್ನಬಹುದು. ಗೊತ್ತಿದ್ದದ್ದಕ್ಕೆ ಅಲ್ಲೇ ಉತ್ತರ ಕೊಡಿ, ಇಲ್ಲದ್ದಕ್ಕೆ ವಿಚಾರಿಸಿ ಬರ್ತೀನಿ ಅನ್ನಿ. ಕರಪತ್ರ ಕೊನೆಯಲ್ಲಿ ಕೊಡಿ, ಅದರ ಮೇಲೆ ಮತ್ತೆ ಬರುವ ದಿನವನ್ನು ಪೆನ್ನಿನಲ್ಲಿ ಬರೆದು ಕೊಡಿ. ಆ ದಿನ ಮಳೆ ಬಂದರೂ ಹೋಗಿ.